ಮಹಡಿಗೆ ಇಂಟರ್ನೆಟ್: ಬೂಸ್ಟರ್ ಬೇಡ, ಕೇಬಲ್ ಎಳೆಸಿ

ಹಾಸನ–ಬೇಲೂರು ರಸ್ತೆಯಲ್ಲಿ ಹಳೇಬೀಡಿನ ದಾರಿ ಕವಲೊಡೆಯುವ ಹಗರೆಯಂಥ ಊರುಗಳಲ್ಲೂ ಈಗ ಮಹಡಿ ಮನೆಗಳು ಸಾಮಾನ್ಯ. ಫೈಬರ್ ಸಂಪರ್ಕ ಕೆಳಗಿನ ಅಂಗಡಿಗೋ ಹಜಾರಕ್ಕೋ ಬಂದು ನಿಲ್ಲುತ್ತದೆ. ಆನ್‌ಲೈನ್ ಪಾಠ ಕೇಳುವ ಮಕ್ಕಳು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು ಕೂರುವುದು ಮೇಲೆ. ಅಲ್ಲಿ ಸಿಗ್ನಲ್ ಸಿಗದಿದ್ದರೆ ವೈ-ಫೈ ಬೂಸ್ಟರ್ ತಂದು ಸಿಗಿಸುವುದು ರೂಢಿ. ಆದರೆ ಅಡ್ಡ ನಿಂತಿರುವುದು ನಡುವಿನ ಮೋಲ್ಡು. ಕಾಂಕ್ರೀಟು ಮತ್ತು ಅದರೊಳಗಿನ ಕಂಬಿಗಳು ರೇಡಿಯೊ ಅಲೆಯನ್ನು ಕುಗ್ಗಿಸುತ್ತವೆ. ವೇಗ ಕೊಡುವ 5 ಗಿಗಾಹರ್ಟ್ಸ್ ಅಲೆಗೇ ಪೆಟ್ಟು ಹೆಚ್ಚು. ಬೂಸ್ಟರ್ ತನಗೆ ಸಿಕ್ಕ ಬಡಕಲು ಸಂಪರ್ಕವನ್ನೇ ಹಂಚುತ್ತದೆ. ಪಡೆಯುವುದಕ್ಕೂ ಕೊಡುವುದಕ್ಕೂ ಒಂದೇ ಚಾನೆಲ್ ಬಳಸುವಂಥದ್ದಾದರೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಕ್ಯಾಟ್-6 ಕೇಬಲ್ಲಾದರೋ 100 ಮೀಟರ್ ತನಕ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಎರಡಂತಸ್ತಿನ ಮನೆಗೆ ಅದರ ಕಾಲು ಭಾಗವೂ ಬೇಕಾಗುವುದು ಅಪರೂಪ.

ಮೋಲ್ಡಿಗೆ ತೂತು ಕೊರೆದರೆ ಮನೆ ಸೋರುತ್ತದೆ ಎಂಬುದು ಹಿರಿಯರ ಆಕ್ಷೇಪ. ಅದು ಸರಿಯೇ, ಬೀಮಿಗೋ ಕಂಬಿಗೋ ಡ್ರಿಲ್ ತಗುಲಿದರೆ ಸೋರಿಕೆಗಿಂತ ದೊಡ್ಡ ಹಾನಿ. ಆದ್ದರಿಂದ ಮೊದಲು ಇರುವ ದಾರಿ ಹುಡುಕಿ. ಒಳಗೇ ಮೆಟ್ಟಿಲಿದ್ದರೆ ಅದರ ಗೋಡೆಯ ಮೂಲೆಗುಂಟ ಪಟ್ಟಿ ಹೊಡೆದು ಕೇಬಲ್ ಏರಿಸಬಹುದು. ಇಲ್ಲದಿದ್ದರೆ ಹೊರಗೋಡೆ. ಸಜ್ಜದ ಕೆಳಗೆ ಗೋಡೆಯಲ್ಲಿ ತೂತು ಹಾಕುವಾಗ ಹೊರಬದಿ ತುಸು ತಗ್ಗಾಗಿರಲಿ; ಕೇಬಲ್ ಕೆಳಗೆ ಬಳಸಿ ಒಳಗೆ ಹೋಗಲಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ವೈರಿನ ಪೈಪು ಹೇಗೂ ಇದೆಯಲ್ಲ ಎಂದು ಅದರೊಳಗೆ ತೂರಿಸುವುದು ಮಾತ್ರ ಬೇಡವೇ ಬೇಡ. ವೈರಿನ ಮೇಲ್ಪದರ ಕಿತ್ತರೆ 230 ವೋಲ್ಟ್ ಕೇಬಲ್ಲಿಗೆ ಹರಿದು ಲ್ಯಾಪ್‌ಟಾಪ್ ತನಕ ಬರಬಹುದು. ಪ್ರತ್ಯೇಕ 25 ಮಿಲಿಮೀಟರ್ ಪಿವಿಸಿ ಪೈಪು ಹಾಕಿಸಿ, ಮೂಲೆಯಲ್ಲಿ ಉದ್ದ ಬೆಂಡು ಬಳಸಿ. ಕರೆಂಟ್ ಪೈಪಿನಿಂದ ಒಂದಡಿ ದೂರವಿರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ; ಅಗ್ಗವಾದರೂ ಬೇಗ ಮುರಿಯುತ್ತದೆ, ಅದನ್ನು ವಾಪಸ್ ಕೊಡಿ. ಹೊರಗೆ ಬಿಸಿಲಿಗೆ ಬೀಳುವುದಾದರೆ ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯದ್ದು ಬೇಕು. ಪೈಪಿನೊಳಗೆ ಮೊದಲು ಜಿಐ ತಂತಿ ತೂರಿಸಿ, ಅದಕ್ಕೆ ಕೇಬಲ್ ಕಟ್ಟಿ, ಒಬ್ಬರು ಕೆಳಗಿಂದ ಬಿಡುತ್ತಾ ಇನ್ನೊಬ್ಬರು ಮೇಲಿಂದ ನಿಧಾನವಾಗಿ ಎಳೆಯಬೇಕು. ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಮಿಗಿಸಿ. ಜಾಕ್ ಕೂರಿಸುವಾಗ ಬಣ್ಣದ ಕ್ರಮ ಎರಡೂ ಕಡೆ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟೆಸ್ಟರಿನಲ್ಲಿ ಎಂಟೂ ದೀಪ ಸರದಿಯಂತೆ ಹೊತ್ತಬೇಕು. ಒಂದು ಎಳೆ ಕೈಕೊಟ್ಟರೂ ಇಂಟರ್ನೆಟ್ ಬರುವುದುಂಟು, ಆದರೆ ವೇಗ 1000ದಿಂದ 100 ಮೆಗಾಬಿಟ್‌ಗೆ ಕುಸಿದಿರುತ್ತದೆ; ಬಂತಲ್ಲ ಎಂದು ಕೆಲಸದವರನ್ನು ಕಳಿಸಿಬಿಡಬೇಡಿ. ಮಹಡಿಯಲ್ಲಿ ಹಳೆಯ ರೂಟರ್ ಇದ್ದರೂ ಸಾಕು, ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿ.

ಸಿಡಿಲಿನ ಭಯ ನಿಜವಾದದ್ದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಹೊರಗಿನ ತಾಮ್ರದ ಕೇಬಲ್ ಸಿಡಿಲಿನ ಆಘಾತವನ್ನು ಉಪಕರಣಕ್ಕೆ ಒಯ್ಯಬಲ್ಲದು. ಹಾಗಾಗಿ ಸಾಧ್ಯವಿದ್ದಲ್ಲೆಲ್ಲ ಒಳದಾರಿಯೇ ಮೇಲು. ಮನೆಯಿಂದ ಕೊಟ್ಟಿಗೆಗೋ ತೋಟದ ಮನೆಗೋ ಒಯ್ಯುವುದಾದರೆ ವಿದ್ಯುತ್ ಹರಿಯದ ಗಾಜಿನೆಳೆಯ ಫೈಬರ್ ಹಾಕಿಸಿ. ಬಲಕ್ಕೆಂದು ಅದರಲ್ಲಿ ಉಕ್ಕಿನ ತಂತಿ ಸೇರಿಸಿದ್ದು ಬೇಡ. ಹೊಸ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮುಂಚೆಯೇ ಕೆಳಗಿನಿಂದ ಮಹಡಿಗೆ ಒಂದು ಖಾಲಿ ಪೈಪು ಬಿಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ.