ಕಂಪ್ಯೂಟರು ಏಳುವಾಗ ತಾವಾಗಿ ಏಳುವ ಪ್ರೋಗ್ರಾಮುಗಳು



ಗಬ್ಬೂರು, ದೇವದುರ್ಗ, ಮಾನ್ವಿ ಈ ಊರುಗಳ ಅನೇಕ ಮನೆಗಳಲ್ಲಿ ಈಗ ಒಂದು ಕಂಪ್ಯೂಟರು ಇರುವದು. ಹತ್ತಿ ಮಾರಿದ ಹಣದಲ್ಲಾಗಲಿ, ಕಂತಿನ ಸಾಲದಲ್ಲಾಗಲಿ, ಮಗಳ ಓದಿಗೆಂದು ಅದನ್ನು ತಂದಿರುವರು. ತಂದ ಹೊಸತರಲ್ಲಿ ಅದು ಗುಂಡಿ ಒತ್ತಿದ ಕೂಡಲೆ ಕೆಲಸಕ್ಕೆ ಸಿದ್ಧವಾಗುವದು. ಎರಡು ಮೂರು ವರುಷಗಳು ಕಳೆಯುವಷ್ಟರಲ್ಲಿ, ಗುಂಡಿ ಒತ್ತಿ ಒಲೆಯ ಮೇಲಿನ ಹಾಲು ಕಾಯಿಸಿ ಬಂದರೂ ಪರದೆಯ ಮೇಲಿನ ಚಕ್ರವು ತಿರುಗುತ್ತಲೇ ಇರುವದು. ಆಗ ಮನೆಯವರು "ಯಂತ್ರ ಮುದಿಯಾಯಿತು, ಬೇರೆಯದನ್ನು ತರಬೇಕು" ಎಂದು ನಿಶ್ಚಯಿಸುವರು. ಆದರೆ ಬಹಳ ಸಲ ಯಂತ್ರವು ಮುದಿಯಾಗಿರುವದಿಲ್ಲ. ಅದರ ಬಾಗಿಲಲ್ಲಿ ಗದ್ದಲವು ಹೆಚ್ಚಾಗಿರುವದು. ಬಡವರ ಮನೆಯಲ್ಲಿ ಈ ಎರಡರ ಭೇದವು ಸಣ್ಣದಲ್ಲ. ಆದ್ದರಿಂದ ಈ ವಿಷಯವನ್ನು ಒಂದು ಪಾಠದಂತೆ ಕ್ರಮವಾಗಿ ವಿವರಿಸಬೇಕೆಂದಿದ್ದೇನೆ.

೧. ಯಂತ್ರವು ಏಳುವ ಬಗೆ

ಗುಂಡಿ ಒತ್ತಿದಾಗ ಮೊದಲು ಏಳುವದು ಯಂತ್ರದ ಒಳಹಲಗೆಯ ಚಿಪ್ಪಿನಲ್ಲಿ ನೆಲೆಗೊಳಿಸಿದ ಒಂದು ಚಿಕ್ಕ ಪ್ರೋಗ್ರಾಮು. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ ಈಚಿನವುಗಳಲ್ಲಿ ಯುಇಎಫ್ಐ ಎಂದೂ ಹೆಸರು. ಅದು ಕೀಲಿಮಣೆ, ನೆನಪುಕೋಶ, ಡಿಸ್ಕು ಮೊದಲಾದವು ನೆಟ್ಟಗಿವೆಯೋ ಎಂದು ನೋಡಿ, ಡಿಸ್ಕಿನಿಂದ ವಿಂಡೋಸ್ ಅಥವಾ ಲಿನಕ್ಸ್ ಎಂಬ ಆಡಳಿತ ತಂತ್ರಾಂಶವನ್ನು ಏಳಿಸುವದು. ಆಡಳಿತ ತಂತ್ರಾಂಶವು ಎದ್ದು ತನ್ನ ಸೇವಕ ಪ್ರೋಗ್ರಾಮುಗಳನ್ನು ಅವುಗಳ ಕೆಲಸಕ್ಕೆ ಹಚ್ಚುವದು. ಕಡೆಗೆ ನಾವು ಗುಪ್ತಪದ ಕೊಟ್ಟು ಒಳಗೆ ಹೋದ ಮೇಲೆ, ನಾವು ಕರೆಯದಿದ್ದರೂ ಇನ್ನೊಂದು ಗುಂಪು ತಾನಾಗಿಯೇ ಏಳುವದು. ಈ ಕಡೆಯ ಗುಂಪೇ ನಮ್ಮ ಪಾಠದ ವಿಷಯ.

ಹಿಂದಿನ ಕಾಲದಲ್ಲಿ ನಮ್ಮ ಸೀಮೆಯ ಊರುಗಳಿಗೆ ಅಗಸೆಯ ಬಾಗಿಲು ಇರುತ್ತಿತ್ತು. ಬೆಳಗ್ಗೆ ಅದು ತೆರೆದಾಗ ನೀರು ತರುವವರೂ ಹೊಲಕ್ಕೆ ಹೋಗುವವರೂ ಮೊದಲು ಹಾಯಬೇಕು. ಅದೇ ಗಳಿಗೆಯಲ್ಲಿ ಸಂತೆಯ ಗಾಡಿಗಳೆಲ್ಲ ಒಟ್ಟಿಗೆ ನುಗ್ಗಿದರೆ ಯಾರೂ ಮುಂದಕ್ಕೆ ಸಾಗಲಾರರು. ಕಂಪ್ಯೂಟರಿನಲ್ಲಿ ಆಗುವದೂ ಇದೇ.

೨. ತಡವಾಗುವ ಕಾರಣ

ಹಳೆಯ ಯಂತ್ರಗಳ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿರುವವು. ಓದುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತ ಓದಬೇಕು. ಹತ್ತು ಪ್ರೋಗ್ರಾಮುಗಳು ಒಂದೇ ಸಮಯದಲ್ಲಿ "ನನ್ನದನ್ನು ಓದು" ಎಂದರೆ ಮುಳ್ಳು ಅತ್ತಿತ್ತ ಓಡುವದರಲ್ಲಿಯೇ ಹೊತ್ತು ಹೋಗುವದು. ಇದಲ್ಲದೆ ಎದ್ದು ಕುಳಿತ ಪ್ರತಿಯೊಂದು ಪ್ರೋಗ್ರಾಮೂ ನೆನಪುಕೋಶದಲ್ಲಿ ಜಾಗ ಹಿಡಿಯುವದು. 4 ಜಿಬಿ ನೆನಪುಕೋಶದ ಯಂತ್ರದಲ್ಲಿ ಆ ಜಾಗ ಬೇಗನೆ ತುಂಬಿ, ಉಳಿದದ್ದನ್ನು ಡಿಸ್ಕಿನ ಮೇಲೆ ಇಟ್ಟು ತೆಗೆಯುವ ಪ್ರಸಂಗ ಬರುವದು. ಹೀಗೆ ಬೆಳಗಿನ ಗದ್ದಲವು ಇಡೀ ದಿನದ ಕೆಲಸವನ್ನೂ ಕುಂಟಿಸುವದು.

ಇದರಿಂದಾಗುವ ನಷ್ಟವು ಮನೆಯ ಮಟ್ಟಿಗೇ ಇರುವದಿಲ್ಲ. ಗ್ರಾಮ ಒನ್ ಕೇಂದ್ರದಲ್ಲಿಯೋ ಜೆರಾಕ್ಸ್ ಅಂಗಡಿಯಲ್ಲಿಯೋ ಕೂಡುವ ನಮ್ಮ ಹುಡುಗಿಯ ಮುಂದೆ ಪಹಣಿಗಾಗಿ, ಆದಾಯ ಪ್ರಮಾಣಪತ್ರಕ್ಕಾಗಿ ಕೂಲಿಯವರು ಸಾಲಾಗಿ ನಿಂತಿರುವರು. ಯಂತ್ರವು ತಡಮಾಡಿದಷ್ಟು ಅವರ ಆ ದಿನದ ಕೂಲಿಗೆ ಕುತ್ತು. ವಿದ್ಯಾರ್ಥಿವೇತನದ ಅರ್ಜಿಯ ಕಡೆಯ ದಿನದಂದು ತಡವಾದರೆ ಒಂದು ವರುಷದ ನೆರವೇ ತಪ್ಪಬಹುದು.

೩. ಇವು ಪಟ್ಟಿಗೆ ಸೇರುವ ದಾರಿ

ಡಾಸ್ ಎಂಬ ಹಳೆಯ ತಂತ್ರಾಂಶದ ಕಾಲದಲ್ಲಿ ಯಂತ್ರ ಎದ್ದಾಗ ನಡೆಯತಕ್ಕ ಆಜ್ಞೆಗಳನ್ನು ಆಟೋಎಕ್ಸೆಕ್ ಎಂಬ ಒಂದು ಕಡತದಲ್ಲಿ ಬರೆದಿಡುತ್ತಿದ್ದರು. ಯಾರಾದರೂ ತೆರೆದು ಓದಬಹುದಾಗಿತ್ತು. 1995ರಲ್ಲಿ ವಿಂಡೋಸ್ 95 ಬಂದ ಮೇಲೆ ಸ್ಟಾರ್ಟಪ್ ಎಂಬ ಫೋಲ್ಡರೂ, ರಿಜಿಸ್ಟ್ರಿ ಎಂಬ ದೊಡ್ಡ ದಫ್ತರದೊಳಗಿನ ಪಟ್ಟಿಗಳೂ ಆ ಕೆಲಸಕ್ಕೆ ಒದಗಿದವು. ಪಟ್ಟಿಯು ಕಣ್ಣಿಗೆ ಮರೆಯಾದುದರಿಂದ ತಂತ್ರಾಂಶ ಮಾಡುವವರು ತಮ್ಮ ಪ್ರೋಗ್ರಾಮನ್ನು ಸ್ಥಾಪಿಸುವಾಗಲೇ ಅದರ ಹೆಸರನ್ನೂ ಅದರೊಳಗೆ ಸೇರಿಸತೊಡಗಿದರು. ಸ್ಥಾಪನೆಯ ವೇಳೆಗೆ ಬರುವ ಚಿಕ್ಕ ಚೌಕದಲ್ಲಿನ ಗುರುತನ್ನು ಓದದೆ "ಮುಂದೆ, ಮುಂದೆ" ಎಂದು ಒತ್ತುತ್ತ ಹೋಗುವದರಿಂದಲೂ ಅನೇಕ ಹೆಸರುಗಳು ಸೇರುವವು. 2012ರ ವಿಂಡೋಸ್ 8ರಿಂದ ಈ ಪಟ್ಟಿಯು ಟಾಸ್ಕ್ ಮ್ಯಾನೇಜರಿನಲ್ಲಿ ಸರ್ವರಿಗೂ ಕಾಣುವಂತಾಯಿತು.

೪. ಪಟ್ಟಿಯನ್ನು ಪರೀಕ್ಷಿಸುವ ಕ್ರಮ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಟಾಸ್ಕ್ ಮ್ಯಾನೇಜರು ತೆರೆಯುವದು. ಅದರಲ್ಲಿ ಸ್ಟಾರ್ಟಪ್ ಎಂಬ ಭಾಗವನ್ನು ಆರಿಸಿರಿ. ಅಲ್ಲಿ ಪ್ರೋಗ್ರಾಮಿನ ಹೆಸರು, ಅದನ್ನು ಮಾಡಿದವರ ಹೆಸರು, ಅದು ಜಾರಿಯಲ್ಲಿದೆಯೋ ಇಲ್ಲವೋ ಎಂಬುದು, ಮತ್ತು ಏಳುವ ವೇಳೆಯ ಮೇಲೆ ಅದರ ಹೊರೆ ಎಷ್ಟೆಂಬುದು ಸಾಲಾಗಿ ಇರುವವು. ಹೊರೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿರುವರು. ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ವೇಳೆಯನ್ನಾಗಲಿ, ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓದು ಬರಹವನ್ನಾಗಲಿ ಬೇಡುವದು "ಹೈ". 300 ಮಿಲಿಸೆಕೆಂಡಿನಿಂದ ಒಂದು ಸೆಕೆಂಡಿನ ವರೆಗೆ, ಇಲ್ಲವೆ 300 ಕೆಬಿಯಿಂದ 3 ಎಂಬಿ ವರೆಗೆ ಬೇಡುವದು "ಮೀಡಿಯಂ". ಅದಕ್ಕೂ ಕಡಿಮೆಯಾದದ್ದು "ಲೋ".

ಬೇಡವಾದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ "ಡಿಸೇಬಲ್" ಎಂಬುದನ್ನು ಆರಿಸಿದರೆ ಸಾಕು. ಇದರಿಂದ ಪ್ರೋಗ್ರಾಮು ಅಳಿದು ಹೋಗುವದಿಲ್ಲವೆಂಬದನ್ನು ಚೆನ್ನಾಗಿ ನೆನಪಿಡತಕ್ಕದ್ದು. ಅದು ಬೆಳಗಿನ ಪಟ್ಟಿಯಿಂದ ಮಾತ್ರ ಹೊರಗಾಗುವದು; ಬೇಕಾದಾಗ ನಾವು ಕರೆದರೆ ಬರುವದು. ತಪ್ಪಿ ಬೇರೆಯದನ್ನು ನಿಲ್ಲಿಸಿದರೆ ಅದೇ ಸ್ಥಳದಲ್ಲಿ "ಎನೇಬಲ್" ಎಂದು ಆರಿಸಿ ಮರಳಿ ಸೇರಿಸಬಹುದು. ಆದ್ದರಿಂದ ಇಲ್ಲಿ ಅಂಜಿಕೆಗೆ ಕಾರಣವಿಲ್ಲ. ಆದರೆ ರಿಜಿಸ್ಟ್ರಿಯ ಒಳಗೆ ಕೈಯಿಕ್ಕುವ ಗೋಜಿಗೆ ಹೋಗಬಾರದು.

ಒಂದು ಸಲಕ್ಕೆ ಎರಡು ಅಥವಾ ಮೂರು ಹೆಸರುಗಳನ್ನು ಮಾತ್ರ ನಿಲ್ಲಿಸಿ, ಅವುಗಳನ್ನು ಒಂದು ವಹಿಯಲ್ಲಿ ದಿನಾಂಕ ಸಹಿತ ಬರೆದಿಡಿರಿ. ಬಳಿಕ "ರೀಸ್ಟಾರ್ಟ್" ಕೊಟ್ಟು ಏಳುವ ವೇಳೆಯನ್ನು ಗಡಿಯಾರ ಹಿಡಿದು ನೋಡಿರಿ. ಯಾಕಂದರೆ ವಿಂಡೋಸ್ 8ರಿಂದೀಚೆಗಿನ ಅನೇಕ ಯಂತ್ರಗಳಲ್ಲಿ "ಶಟ್ ಡೌನ್" ಮಾಡಿದರೂ ಆಡಳಿತ ತಂತ್ರಾಂಶದ ಒಂದು ಭಾಗವು ಡಿಸ್ಕಿನಲ್ಲಿ ಹಾಗೆಯೇ ಕಾಯ್ದಿರುವದು. ಪೂರ್ಣವಾದ ಹೊಸ ಏಳಿಕೆಯು ರೀಸ್ಟಾರ್ಟಿನಿಂದಲೇ ಆಗುವದು.

೫. ಉಳಿಸಬೇಕಾದವು, ನಿಲ್ಲಿಸಬಹುದಾದವು

ಉಳಿಸಬೇಕಾದವು: ವೈರಸುಗಳನ್ನು ಕಾಯುವ ಪ್ರೋಗ್ರಾಮು, ಧ್ವನಿಯನ್ನೂ, ಲ್ಯಾಪ್‌ಟಾಪಿನ ಬೆರಳು ಹಲಗೆಯನ್ನೂ ನಡಿಸುವವು, ದಿನಾಲು ಕನ್ನಡ ಬರೆಯುವವರಿಗೆ ನುಡಿ, ಬರಹ ಮೊದಲಾದವು. ಈ ಕಡೆಯವು ಹಿನ್ನೆಲೆಯಲ್ಲಿ ಎದ್ದಿದ್ದರೆ ಮಾತ್ರ ಕೀಲಿಮಣೆಯಿಂದ ಕನ್ನಡ ಅಕ್ಷರಗಳು ಮೂಡುವವು. ವಾರಕ್ಕೊಮ್ಮೆ ಬರೆಯುವವರು ಬೇಕಾದಾಗ ತೆರೆದರೂ ಸಾಕು.

ನಿಲ್ಲಿಸಬಹುದಾದವು: ಹಾಡು ಕೇಳಿಸುವವು, ಆಟದವು, ಹರಟೆಯವು, ವಿಡಿಯೋ ಸಭೆಯವು, ಪ್ರಿಂಟರನ್ನು ಕೊಳ್ಳುವಾಗ ಅದರ ಸಂಗಡ ಬಂದ ಜಾಹೀರಾತಿನವು. ಒನ್‌ಡ್ರೈವ್‌ನಂತಹವುಗಳ ವಿಷಯದಲ್ಲಿ ಎಚ್ಚರ ಬೇಕು. ಮಗಳ ಅಭ್ಯಾಸದ ಕಡತಗಳು ಅದರ ಮೂಲಕ ದೂರದ ಉಗ್ರಾಣಕ್ಕೆ ಸೇರುತ್ತಿದ್ದರೆ, ಅದನ್ನು ನಿಲ್ಲಿಸಿದಾಗ ಆ ಪ್ರತಿ ಇಡುವ ಕೆಲಸವೂ, ನಾವು ಅದನ್ನು ತೆರೆಯುವ ವರೆಗೆ, ನಿಂತು ಹೋಗುವದು.

೬. ಕಳ್ಳನೂ ಇದೇ ದಾರಿಯಿಂದ ಬರುವನು

ತಾನಾಗಿ ಏಳುವ ಸ್ಥಳವು ದುಷ್ಟ ಪ್ರೋಗ್ರಾಮುಗಳಿಗೆ ಬಹು ಪ್ರಿಯ. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಬ್ರೈನ್ ಎಂಬ ವೈರಸು ಫ್ಲಾಪಿಯ ಮೊದಲನೆಯ ಭಾಗದಲ್ಲಿ ಅಡಗಿ ಯಂತ್ರದೊಡನೆ ತಾನೂ ಏಳುತ್ತಿತ್ತು. 2008ರಲ್ಲಿ ಹೊರಟ ಕಾನ್ಫಿಕರ್ ಎಂಬದು ಜಾಲದಿಂದಲ್ಲದೆ ಪೆನ್ ಡ್ರೈವಿನಿಂದಲೂ ಹರಡಿತು. ಪೆನ್ ಡ್ರೈವು ಚುಚ್ಚಿದೊಡನೆ ಅದರಲ್ಲಿನ ಪ್ರೋಗ್ರಾಮು ತಾನಾಗಿ ನಡೆಯುವ ಏರ್ಪಾಡೇ ಅದಕ್ಕೆ ಮೆಟ್ಟಿಲಾಯಿತು. ವಿಂಡೋಸ್ 7ರಲ್ಲಿ ಆ ಏರ್ಪಾಡನ್ನು ತೆಗೆದರು. 2011ರಲ್ಲಿ ಹಳೆಯ ವಿಂಡೋಸುಗಳಿಗೂ ಆ ತಿದ್ದುಪಡಿ ಬಂತು. ಆದ್ದರಿಂದ ಪಟ್ಟಿಯಲ್ಲಿ ಮಾಡಿದವರ ಹೆಸರೇ ಇಲ್ಲದ, ಅರ್ಥವಾಗದ ಅಕ್ಷರಗಳ ಪ್ರೋಗ್ರಾಮು ಕಂಡರೆ ಅದನ್ನು ನಿಲ್ಲಿಸಿ, ವೈರಸು ಪರೀಕ್ಷೆಯನ್ನು ಪೂರ್ಣವಾಗಿ ನಡಿಸಿರಿ. ಹೆಸರಿಲ್ಲದ್ದೆಲ್ಲ ಕಳ್ಳನೆಂದಲ್ಲ, ಹೆಸರಿರುವದೆಲ್ಲ ಸಾಧುವೆಂದೂ ಅಲ್ಲ. ವಿಚಾರಿಸಿ ತಿಳಿಯತಕ್ಕದ್ದು. ಯಂತ್ರವು ಏಳುವದೇ ಕಷ್ಟವಾದರೆ ಸೇಫ್ ಮೋಡ್ ಎಂಬ ದಾರಿಯುಂಟು. ಅದರಲ್ಲಿ ಅಗತ್ಯವಾದವು ಮಾತ್ರ ಏಳುವವು. ಅಲ್ಲಿ ಯಂತ್ರವು ಸುಖವಾಗಿ ನಡೆದರೆ, ತೊಂದರೆಯು ಹೆಚ್ಚಾಗಿ ಹೊರಗಿನಿಂದ ಸೇರಿದ ಯಾವದಾದರೂ ಪ್ರೋಗ್ರಾಮಿನದೆಂದು ತಿಳಿಯಬಹುದು.

೭. ಕಡೆಯ ಮಾತು

ಇಷ್ಟು ಮಾಡಿದರೂ ತಡವು ತಗ್ಗದಿದ್ದರೆ, ತಿರುಗುವ ಡಿಸ್ಕಿನ ಬದಲು ಎಸ್ಎಸ್‌ಡಿ ಹಾಕಿಸುವದು ಹೊಸ ಯಂತ್ರ ಕೊಳ್ಳುವದಕ್ಕಿಂತ ಬಹು ಕಡಿಮೆ ಖರ್ಚಿನದು. ಅದರೊಳಗೆ ಓಡಾಡುವ ಮುಳ್ಳೇ ಇರುವದಿಲ್ಲ. ವಿಂಡೋಸ್ 10ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಧಾರಣ ರಕ್ಷಣೆಯು 14-10-2025ಕ್ಕೆ ಮುಗಿದಿರುವದರಿಂದ, ಅಂಥ ಹಳೆಯ ಯಂತ್ರವುಳ್ಳವರು ಲಿನಕ್ಸಿನ ವಿಚಾರವನ್ನೂ ಮಾಡಬಹುದು. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಅದರಲ್ಲಿಯೇ ಕಲಿಯುತ್ತಿರುವರು. ಅದರಲ್ಲಿಯೂ ತಾನಾಗಿ ಏಳುವವುಗಳ ಪಟ್ಟಿಯುಂಟು. ಅದನ್ನು ನೋಡುವ ರೂಢಿ ಅಲ್ಲಿಯೂ ಬೇಕು. ಕೆಲವು ತಯಾರಕರ ಮೊಬೈಲುಗಳ ಸೆಟ್ಟಿಂಗ್ಸಿನಲ್ಲಿ ಆಟೋಸ್ಟಾರ್ಟ್ ಎಂಬ ಹೆಸರಿನ ಪಟ್ಟಿ ಇರುವದು. ಬ್ಯಾಟರಿ ಬೇಗ ಇಳಿಯುವವರು ಅದನ್ನು ನೋಡತಕ್ಕದ್ದು.

ಮೂರು ತಿಂಗಳಿಗೊಮ್ಮೆ ಕಾಳಿನ ಡಬ್ಬಿಗಳನ್ನು ಬಿಸಿಲಿಗಿಟ್ಟು ಹುಳ ನೋಡುವ ಗೃಹಿಣಿಗೆ ಈ ಕೆಲಸವು ಹೊಸದೇನೂ ಅಲ್ಲ. ತಾಯಂದಿರು ಇದನ್ನು ಮಗಳ ಪಕ್ಕದಲ್ಲಿ ಕುಳಿತು ಮಾಡಲಿ. ತನ್ನ ಯಂತ್ರದಲ್ಲಿ ಯಾರು ಏಳಬೇಕೆಂಬದನ್ನು ತಾನೇ ನಿರ್ಣಯಿಸುವ ಹುಡುಗಿಯನ್ನು ಅಂಗಡಿಯವನು "ಇದು ಕೆಟ್ಟಿತು, ಹೊಸದು ಕೊಳ್ಳಿರಿ" ಎಂದು ಸುಲಭವಾಗಿ ನಂಬಿಸಲಾರನು.

ಅಭ್ಯಾಸ

(ಅ) "ಡಿಸೇಬಲ್" ಮಾಡುವದಕ್ಕೂ ಪ್ರೋಗ್ರಾಮನ್ನು ಅಳಿಸುವದಕ್ಕೂ ಇರುವ ಭೇದವೇನು?
(ಆ) ನಿಮ್ಮ ಮನೆಯ ಯಂತ್ರದಲ್ಲಿ "ಹೈ" ಎಂದಿರುವ ಹೆಸರುಗಳೆಷ್ಟು? ಅವುಗಳಲ್ಲಿ ದಿನಾಲು ಬೇಕಾದವು ಯಾವವು?
(ಇ) ನಿಲ್ಲಿಸುವ ಮುಂಚೆಯೂ ನಿಲ್ಲಿಸಿದ ಮೇಲೆಯೂ ಯಂತ್ರವು ಏಳಲು ಹಿಡಿದ ನಿಮಿಷಗಳನ್ನು ಬರೆದು ಹೋಲಿಸಿರಿ.
(ಈ) ನುಡಿ ಅಥವಾ ಬರಹವನ್ನು ನಿಲ್ಲಿಸಿದರೆ ನಿಮ್ಮ ಯಾವ ಕೆಲಸಕ್ಕೆ ತಡೆಯಾಗುವದು?