ಟೀವಿ ಶೆಫ್‌ನ ಬಿಲ್ಲು, ಹುಮನಾಬಾದಿನ ಲೆಕ್ಕ

ಟೀವಿಯ ಅಡುಗೆ ಸ್ಪರ್ಧೆಯಲ್ಲಿ ಗೆದ್ದವರ ಕೈಗೆ ಕೊನೆಗೆ ಎಷ್ಟು ದುಡ್ಡು ಬರುತ್ತದೆ ಅನ್ನುವುದರಿಂದ ಶುರು ಮಾಡುತ್ತೇನೆ. ಅವರ ಹೋಟೆಲಿಗೆ ಹೋದಾಗ ನಮ್ಮ ಕೈಗೆ ಬರುವ ಬಿಲ್ಲಿನ ಮೂಲ ಅಲ್ಲೇ ಇದೆ.

2023ರ ಡಿಸೆಂಬರ್‌ನಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದವರು ಮಂಗಳೂರಿನ ಮೊಹಮ್ಮದ್ ಆಶಿಕ್. ಬಹುಮಾನ 25 ಲಕ್ಷ ರೂಪಾಯಿ. ಟೀವಿ ಸ್ಪರ್ಧೆಯ ಬಹುಮಾನವನ್ನು ನಮ್ಮ ಆದಾಯ ತೆರಿಗೆ ಕಾನೂನು ಲಾಟರಿಯ ಪಂಕ್ತಿಯಲ್ಲೇ ಕೂರಿಸುತ್ತದೆ. ನೇರ ಶೇ 30, ಅದರ ಮೇಲೆ ಶೇ 4 ಸೆಸ್. ಕಡಿತ ಇಲ್ಲ, ವಿನಾಯಿತಿ ಇಲ್ಲ, ಸ್ಲ್ಯಾಬ್ ಕೂಡ ಇಲ್ಲ. 25 ಲಕ್ಷದ ಬಹುಮಾನಕ್ಕೆ ತೆರಿಗೆ 7.80 ಲಕ್ಷ, ಉಳಿಯುವುದು 17.20 ಲಕ್ಷ. ಟೀವಿಯಲ್ಲಿ ಚಿನ್ನದ ಬಣ್ಣದ ಕೋಟು ತೋರಿಸುತ್ತಾರೆ, ಈ ಕಳೆಯುವ ಲೆಕ್ಕ ತೋರಿಸುವುದಿಲ್ಲ.

ಹದಿನೇಳು ಲಕ್ಷ ಸಣ್ಣ ಮೊತ್ತವಲ್ಲ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚೊಕ್ಕ ಖಾನಾವಳಿ ಹಾಕಿ ವರ್ಷ ನಡೆಸಬಹುದು. ಹೈದರಾಬಾದ್, ಬೆಂಗಳೂರು, ಮುಂಬೈಯ ಶ್ರೀಮಂತ ಬಡಾವಣೆಯಲ್ಲಾದರೆ ಜಾಗದ ಡಿಪಾಸಿಟ್ಟು, ಒಳಾಂಗಣ, ಅಡುಗೆಮನೆಯ ಯಂತ್ರಗಳು ಅನ್ನುವಷ್ಟರಲ್ಲಿ ಅದು ಕರಗಿ ಹೋಗಿರುತ್ತದೆ. ಹಾಗಾಗಿ ಗೆದ್ದವರು ಹೋಟೆಲು ತೆರೆದರು ಅಂದಾಗ ಹಿಂದೆ ಬಂಡವಾಳ ಹಾಕಿದ ಇನ್ನೊಬ್ಬರು ಇದ್ದೇ ಇರುತ್ತಾರೆ. ಶೆಫ್ ಹಾಕುವುದು ಹೆಸರು, ಅವರು ಹಾಕುವುದು ದುಡ್ಡು. ಅವರ ದುಡ್ಡಿಗೆ ಪ್ರತಿಫಲ ಬರಬೇಕಾದ್ದು ತಟ್ಟೆಯಿಂದಲೇ.

ಆಶಿಕ್ ಅವರ ವಿಷಯದಲ್ಲಿ ನನಗೆ ಇಷ್ಟವಾಗಿದ್ದು ಬೇರೆ. ಸ್ಪರ್ಧೆಗೆ ಹೋಗುವ ಮೊದಲೇ ಅವರು ಮಂಗಳೂರಿನಲ್ಲಿ ಕುಲುಕ್ಕಿ ಹಬ್ ಅನ್ನುವ ಜ್ಯೂಸ್ ಅಂಗಡಿ ನಡೆಸುತ್ತಿದ್ದರು. ಗಲ್ಲಾಪೆಟ್ಟಿಗೆ ಮೊದಲು, ಕ್ಯಾಮೆರಾ ಆಮೇಲೆ. ನನ್ನ ಮಟ್ಟಿಗೆ ಇದು ಹೆಚ್ಚು ಭರವಸೆಯ ಕ್ರಮ.

ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ಟೀವಿ ಶೆಫ್‌ಗಳ ಹೋಟೆಲು ಇಲ್ಲ. ನಮಗಿರುವುದು 65ನೇ ರಾಷ್ಟ್ರೀಯ ಹೆದ್ದಾರಿಯ ಧಾಬಾಗಳು, ಸಸ್ತಾಪುರ ಬಂಗ್ಲಾದ ಚಹಾ-ಮಿರ್ಚಿ ಭಜಿ, ಊರೊಳಗಿನ ಖಾನಾವಳಿಗಳು. ಆದರೆ ಮಕ್ಕಳು ಇರುವುದು ಹೈದರಾಬಾದ್, ಪುಣೆಗಳಲ್ಲಿ. ನೂರೈವತ್ತು ಕಿಲೋಮೀಟರ್ ಆಸುಪಾಸಿನ ಹೈದರಾಬಾದು ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ದವಾಖಾನೆಗೂ ಅಲ್ಲಿಗೇ, ಮದುವೆಯ ಜವಳಿಗೂ ಅಲ್ಲಿಗೇ. ಈಗ ಊಟಕ್ಕೂ ಅಲ್ಲಿಗೇ ಹೋಗುವ ಕಾಲ ಬಂದಿದೆ.

ಅಲ್ಲಿ ಕೆಲಸಕ್ಕಿರುವ ನನ್ನ ಅಣ್ಣನ ಮಗಳು, ಟೀವಿ ಸ್ಪರ್ಧೆಯಿಂದ ಹೆಸರಾದ ಒಬ್ಬರ ಹೋಟೆಲಿನಲ್ಲಿ ಟೇಬಲ್ ಕಾದಿರಿಸಿದ್ದಳು. ಬಸವಕಲ್ಯಾಣದಿಂದ ಅಣ್ಣ, ವೈನಿ ಬಂದರು. ಹುಮನಾಬಾದಿನಲ್ಲಿ ನಾನೂ ನನ್ನ ಹೆಂಡತಿಯೂ ಅವರ ಕಾರು ಹತ್ತಿದೆವು. ಹೋಗಿ ಬರುವ ಪೆಟ್ರೋಲೇ 1,800 ರೂಪಾಯಿಯ ಹತ್ತಿರ, ಟೋಲು ಬೇರೆ. ಇಂಥ ಊಟದ ಖರ್ಚನ್ನು ಜನ ಬಿಲ್ಲಿನಿಂದ ಎಣಿಸುತ್ತಾರೆ. ನಮ್ಮಂಥವರು ಮನೆ ಬಾಗಿಲಿನಿಂದ ಎಣಿಸಬೇಕು.

ಒಳಗೆ ಹೋದಾಗ ಗೋಡೆಯ ಮೇಲೆ ಆಳೆತ್ತರದ ಫೋಟೊ ಇತ್ತು, ಶೆಫ್ ಇರಲಿಲ್ಲ. ಶೂಟಿಂಗಿಗೆ ಮುಂಬೈಗೆ ಹೋಗಿದ್ದಾರೆ ಎಂದರು ಮ್ಯಾನೇಜರು. ವೈನಿಗೆ ಬೇಸರವಾಯಿತು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹೆಸರು ಒಬ್ಬರದು, ಒಲೆ ಇನ್ನೊಬ್ಬರದು ಅನ್ನುವುದು ವೈನಿಯ ಊರಿನಲ್ಲೇ ಒಂಬೈನೂರು ವರ್ಷ ಹಳೆಯ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ ಅನ್ನುವ ಭಾಗವೇ ಇದೆ. ಇಡ್ಲಿಯ ಪೂರ್ವಜ ‘ಇಡ್ಡರಿಕಾ’, ದೋಸೆಯ ಪೂರ್ವಜ ‘ದೋಸಕ’, ವಡೆ, ಬಗೆಬಗೆಯ ಮಾಂಸದಡುಗೆ ಎಲ್ಲದರ ವಿವರ ಅಲ್ಲಿದೆ. ಆ ಇಡ್ಡರಿಕಾಕ್ಕೆ ಬರೀ ಉದ್ದು, ಅಕ್ಕಿ ಇಲ್ಲ. ಪುಸ್ತಕ ನಿಂತಿರುವುದು ರಾಜನ ಹೆಸರಿನಲ್ಲಿ. ಹೊಗೆ ಕುಡಿದು ಒಲೆಯ ಮುಂದೆ ನಿಂತವರು ಬೇರೆಯವರೇ ಇದ್ದಿರಬೇಕು. (ಮುಂದಿನ ಕೆಲವೇ ದಶಕಗಳಲ್ಲಿ ಅದೇ ಊರು ಶರಣರ ದಾಸೋಹಕ್ಕೆ ಹೆಸರಾಯಿತು. ಅಲ್ಲಿ ಬಿಲ್ಲೇ ಇಲ್ಲ, ನನ್ನ ಅಂಕಣಕ್ಕೆ ಕೆಲಸವೂ ಇಲ್ಲ.)

ಟೀವಿ ಹೆಸರಿನ ಹೋಟೆಲುಗಳಲ್ಲಿ ಶೆಫ್‌ಗೂ ಅಡುಗೆಮನೆಗೂ ಇರುವ ನಂಟು ಒಂದೇ ತೆರನಾಗಿರುವುದಿಲ್ಲ. ತಾಮಸೀನಾ ಮೈಯರ್ಸ್ 2005ರಲ್ಲಿ ಬಿಬಿಸಿಯ ಮಾಸ್ಟರ್‌ಶೆಫ್ ಗೆದ್ದು, ಎರಡು ವರ್ಷದ ಮೇಲೆ ಪಾಲುದಾರರ ಜತೆ ಸೇರಿ ಲಂಡನ್ನಿನಲ್ಲಿ ವಹಾಕ ಅನ್ನುವ ಮೆಕ್ಸಿಕನ್ ಹೋಟೆಲು ಶುರು ಮಾಡಿದರು. ಅದು ಬೆಳೆದು ಸರಪಣಿಯೇ ಆಯಿತು. ಇನ್ನು ಕೆಲವರು ಮೆನು ಬರೆದುಕೊಟ್ಟು ಸಲಹೆಗೆ ಸಂಭಾವನೆ ಪಡೆಯುತ್ತಾರೆ. ಮತ್ತೆ ಕೆಲವರು ಹೆಸರನ್ನಷ್ಟೇ ಬಾಡಿಗೆಗೆ ಕೊಡುತ್ತಾರೆ. ಟೀವಿಯಲ್ಲಿ ಮುಖ ಕಂಡ ಮಾತ್ರಕ್ಕೆ ಧಂದೆ ಗಟ್ಟಿ ಎಂದೂ ಅಲ್ಲ. ಹತ್ತು ವರ್ಷ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾದ ತೀರ್ಪುಗಾರರಾಗಿದ್ದ ಜಾರ್ಜ್ ಕಲಂಬಾರಿಸ್ ಅವರ ಕಂಪನಿ ಕೆಲಸಗಾರರಿಗೆ ಸುಮಾರು 78 ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಂಬಳ ಕಡಿಮೆ ಕೊಟ್ಟಿದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. 2020ರ ಫೆಬ್ರುವರಿಯಲ್ಲಿ ಆ ಹೋಟೆಲುಗಳಿಗೆ ಬೀಗ ಬಿತ್ತು. ಊಟಕ್ಕೆ ಹೋಗುವ ನಮಗೆ ಇದರಿಂದ ಬೇಕಾದ ಪ್ರಶ್ನೆ ಒಂದೇ: ಇವತ್ತು ಅಡುಗೆಮನೆ ಯಾರ ಕೈಯಲ್ಲಿದೆ? ಟೇಬಲ್ ಕಾದಿರಿಸುವಾಗಲೇ ಫೋನಿನಲ್ಲಿ ಕೇಳಬಹುದು. ಒಳ್ಳೆಯ ಜಾಗದವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಈಗ ಬಿಲ್ಲಿಗೆ ಬರೋಣ. ಐದು ಜನರ ಊಟ 7,200 ರೂಪಾಯಿ. ಕೆಳಗೆ ಶೇ 10 ಸೇವಾ ಶುಲ್ಕ, 720. ಎರಡೂ ಸೇರಿ 7,920ರ ಮೇಲೆ ಶೇ 5 ಜಿಎಸ್‌ಟಿ, 396. ಒಟ್ಟು 8,316. ಜಿಎಸ್‌ಟಿ ತಪ್ಪಿಸಲಾಗದ್ದು. ಸಾಮಾನ್ಯ ಹೋಟೆಲುಗಳಿಗೆ 2017ರ ನವೆಂಬರ್‌ನಿಂದ ಶೇ 5 ಇದೆ, ಕೋಣೆ ಬಾಡಿಗೆ 7,500 ರೂಪಾಯಿ ಮೀರಿದ ದೊಡ್ಡ ಹೋಟೆಲಿನೊಳಗಿನ ಊಟಕ್ಕಾದರೆ ಶೇ 18. ಟೀವಿ ಶೆಫ್‌ಗಳ ಹೋಟೆಲುಗಳು ಕೆಲವು ಸಲ ಇಂಥ ಪಂಚತಾರಾ ಕಟ್ಟಡದೊಳಗೇ ಇರುತ್ತವೆ. ವಿಳಾಸ ನೋಡಿಕೊಂಡು ಹೊರಡಿ. ಅದೇ 7,200ರ ಊಟಕ್ಕೆ ಅಲ್ಲಿ ತೆರಿಗೆ 1,296 ಆಗುತ್ತದೆ.

ಸೇವಾ ಶುಲ್ಕದ ಮಾತು ಬೇರೆ. ಅದು ಸರ್ಕಾರದ ತೆರಿಗೆಯಲ್ಲ, ಹೋಟೆಲಿನವರು ಸೇರಿಸುವ ಭಕ್ಷೀಸು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ, ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಹೋಟೆಲ್ ಸಂಘಗಳು ಮೇಲ್ಮನವಿಗೆ ಹೋಗಿವೆ. ನಾನು ಮೆತ್ತಗೆ ಕೇಳಿದೆ, ಮ್ಯಾನೇಜರು ಮಾತಿಲ್ಲದೆ ತೆಗೆದರು. 7,560ಕ್ಕೆ ಇಳಿಯಿತು. ಉಳಿದದ್ದು 720 ಅಲ್ಲ, 756. ಆ ಶುಲ್ಕದ ಮೇಲೂ ಜಿಎಸ್‌ಟಿ ಬಿದ್ದಿತ್ತಲ್ಲ! ಬಡಿಸಿದ ಹುಡುಗನ ಕೈಗೆ ನಾವೇ 300 ರೂಪಾಯಿ ಇಟ್ಟೆವು. ಒಪ್ಪದೆ ಹಟ ಹಿಡಿಯುವವರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನೀರಿನ ವಿಷಯದಲ್ಲಿ ಕಾನೂನು ನಮ್ಮ ಕಡೆ ಇಲ್ಲ. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಸಾದಾ ನೀರು ಕೊಡಿ ಎಂದರೆ ಕೊಡುತ್ತಾರೆ.

ಊಟ ಹೇಗಿತ್ತು? ಎರಡು ತಿನಿಸುಗಳ ಮಾತಾಡಿದರೆ ಸಾಕು. ಮೆನುವಿನಲ್ಲಿ ದಖ್ಖನಿನ ಸಿರಿಧಾನ್ಯದ ಅದೇನೋ ಉದ್ದ ಹೆಸರಿನಲ್ಲಿ ಅಂಗೈಗಿಂತ ಸಣ್ಣ ಮೂರು ಜೋಳದ ರೊಟ್ಟಿ, ಮೇಲೆ ಪುಂಡಿ ಪಲ್ಯ, ಪಕ್ಕದಲ್ಲಿ ಬಟ್ಟಲಿನ ತಳ ಮುಚ್ಚುವಷ್ಟು ಶೇಂಗಾ ಹಿಂಡಿ. 395 ರೂಪಾಯಿ. ವೈನಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ತಮ್ಮಾ, ಇದು ತಟ್ಟಿದ ರೊಟ್ಟಿ ಅಲ್ಲ, ಒತ್ತಿದ್ದು. ಅಂಚಿಗಿ ಬೆರಳಿನ ಗುರುತೇ ಇಲ್ಲ ನೋಡು.” ಅಲ್ಲಿಗೆ ಆ 395ರ ತೀರ್ಪು ಮುಗಿಯಿತು.

ಇನ್ನೊಂದು ದಹಿ ಕಬಾಬ್. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂಥ ಮೊಸರು. ಇದು ಹೆಂಗ ಒಡೀಲಿಲ್ಲ ಎಂದು ವೈನಿ ಕೇಳಿದ್ದಕ್ಕೆ, ಬಡಿಸುವ ಹುಡುಗ ಒಳಗಿನಿಂದ ಅಡುಗೆಯವನನ್ನೇ ಕರೆತಂದ. ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಮೊಸರು, ಹುರಿದ ಕಡಲೆಹಿಟ್ಟು, ಕರಿಯುವ ಮುಂಚೆ ಫ್ರಿಜ್ಜಿನಲ್ಲಿ ಇಡಬೇಕು ಎಂದೆಲ್ಲ ಅಡುಗೆಯವನು ಬಿಡಿಸಿ ಹೇಳಿದ. ಅದಕ್ಕೆ ಕೊಟ್ಟ ದುಡ್ಡಿಗೆ ನನ್ನ ತಕರಾರಿಲ್ಲ. ನಮ್ಮ ಮನೆಯಲ್ಲಿ ಬಾರದ ಕೈಚಳಕಕ್ಕೆ ಬೆಲೆ ಕೊಡಬಹುದು, ನಮ್ಮ ಮನೆಯದೇ ತಿಂಡಿಗೆ ಹೊಸ ಹೆಸರಿಟ್ಟಿದ್ದಕ್ಕೆ ಯಾಕೆ ಕೊಡಬೇಕು? ಅಂದಿನಿಂದ ಇಂಥ ಕಡೆ ಹೋದಾಗ ಜೋಳ, ಪುಂಡಿ, ಬದನೆಕಾಯಿ ಇರುವ ಸಾಲುಗಳನ್ನು ದಾಟಿ ಓದುತ್ತೇನೆ.

ಆದರೂ ಆ 395 ತಲೆಯಿಂದ ಹೋಗಲಿಲ್ಲ. ನಮ್ಮ ಕಡೆ ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ ಕೇಳುತ್ತಾರೆ. ಕಿಲೋ ಹಿಟ್ಟಿಗೆ ಹನ್ನೆರಡರ ಸುಮಾರು ರೊಟ್ಟಿ ಅಂದುಕೊಂಡರೂ, ಹಿಟ್ಟು, ಗ್ಯಾಸು ಕಳೆದರೆ ತಟ್ಟಿದ ಕೈಗೆ ಉಳಿಯುವುದು ನಾಲ್ಕೈದು ರೂಪಾಯಿ. ನೂರು ರೊಟ್ಟಿ ಆರ್ಡರು ಕೊಡುವಾಗ ನಮ್ಮ ಜನ ಅದರಲ್ಲೂ ಎರಡು ರೂಪಾಯಿ ಕಡಿಮೆ ಮಾಡಿಸುತ್ತಾರೆ, ಹೈದರಾಬಾದಿನ ಮೆನುವಿನ ಮುಂದೆ ಮಾತ್ರ ಯಾರೂ ಚೌಕಾಶಿಗಿಳಿಯುವುದಿಲ್ಲ. ಪಕ್ಕದ ಕಲಬುರಗಿಯಲ್ಲಿ ಈ ಲೆಕ್ಕ ತುಸು ಬದಲಾಗಿದೆ. ಸ್ವಸಹಾಯ ಗುಂಪುಗಳ ಮಹಿಳೆಯರ ‘ಕಲಬುರಗಿ ರೊಟ್ಟಿ’ ಬ್ರ್ಯಾಂಡಾಗಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆಂದು 2025ರ ಜೂನ್‌ನ ‘ಮನದ ಮಾತು’ ರೇಡಿಯೊ ಕಾರ್ಯಕ್ರಮದಲ್ಲೂ ಪ್ರಸ್ತಾಪವಾಯಿತು. ಪ್ಯಾಕೆಟ್ಟಿನ ಮೇಲೆ ಒಂದು ಹೆಸರು ಬಿದ್ದರೆ ದರದ ಬಗ್ಗೆ ಗಟ್ಟಿಯಾಗಿ ಮಾತಾಡಬಹುದು. ಟೀವಿ ಶೆಫ್‌ಗಳು ಮಾಡಿದ್ದೂ ಅಷ್ಟೇ.

ಇಂಥ ಊಟವನ್ನು ಯಾವ ಖಾತೆಗೆ ಬರೆಯಬೇಕು? ಕಿರಾಣಿ ಖಾತೆಗಂತೂ ಅಲ್ಲ. ನಾನು ಬರೆಯುವುದು ಜಾತ್ರೆಯ ಖಾತೆಗೆ. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆಂದು ತೆಗೆದಿಡುತ್ತೇವಲ್ಲ, ಆ ಸಾಲಿಗೆ. ಅದಕ್ಕಾಗಿ ತಿಂಗಳಿಗೆ 500 ರೂಪಾಯಿಯ ಒಂದು ಆರ್‌ಡಿ ಇದೆ, ವರ್ಷಕ್ಕೆ 6,000 ಮತ್ತು ಸ್ವಲ್ಪ ಬಡ್ಡಿ. ಅದು ತುಂಬುವ ತನಕ ಯಾರ ಹೋಟೆಲೂ ಬೇಡ, ಕ್ರೆಡಿಟ್ ಕಾರ್ಡಿನ ಕಂತಂತೂ ಬೇಡವೇ ಬೇಡ. ವಾರದ ನಡುವಿನ ಮಧ್ಯಾಹ್ನ ಹೋದರೆ ಹಲವು ಕಡೆ ನಿಗದಿತ ಬೆಲೆಯ ಊಟ ಇರುತ್ತದೆ, ಅದೇ ಅಡುಗೆಮನೆ, ಕಡಿಮೆ ದುಡ್ಡು.

ಅಣ್ಣನ ಮಗಳ ಕಣ್ಣು ಈಗ ಮುಂಬೈಯ ಬಾಂಬೆ ಕ್ಯಾಂಟೀನ್ ಮೇಲೆ ಬಿದ್ದಿದೆ. ಮುಂಬೈಯಲ್ಲೇ ಹುಟ್ಟಿದ ಫ್ಲಾಯ್ಡ್ ಕಾರ್ಡೋಜ್ 2011ರಲ್ಲಿ ಅಮೆರಿಕದ ಟಾಪ್ ಶೆಫ್ ಮಾಸ್ಟರ್ಸ್ ಗೆದ್ದು, ಬಹುಮಾನದ ಹಣವನ್ನು ಕ್ಯಾನ್ಸರ್ ಸಂಶೋಧನೆಗೆ ಕೊಟ್ಟವರು. ಗೆಳೆಯರೊಡನೆ 2015ರಲ್ಲಿ ಈ ಹೋಟೆಲು ತೆರೆದರು, 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ತೀರಿಹೋದರು. ಅವರಿಲ್ಲದ ಮೇಲೂ ಅಡುಗೆಮನೆ ನಡೆಯುತ್ತಿದೆ. ಹೆಸರಿಗಲ್ಲ, ಕೈಗೆ ದುಡ್ಡು ಕೊಡಬೇಕು ಅನ್ನುತ್ತೀಯಲ್ಲ ಕಾಕಾ, ಅಲ್ಲಿಗೇ ಹೋಗೋಣ ಬಾ ಅನ್ನುತ್ತಾಳೆ. ಆರ್‌ಡಿಯ ಆರು ಸಾವಿರದಲ್ಲಿ ಐದು ಜನ ಮುಂಬೈಗೆ ಹೋಗಿ ಬರಲಾಗದು ಎಂದೆ. ಹಾಗಾದರೆ ಕಂತು ಸಾವಿರಕ್ಕೆ ಏರಿಸು ಎಂದಳು. ಜನವನ್ನೇ ಇಳಿಸೋಣ, ನಾನೂ ವೈನಿಯೂ ಸಾಕು ಎಂದೆ. ಅಣ್ಣ ಇದಕ್ಕಿನ್ನೂ ಒಪ್ಪಿಲ್ಲ.