ಘಟ್ಟದ ದಾರಿಗೆ ಒಂದು ಕೈಚೀಲ



ಮಳೆಗಾಲ ಬಂತೆಂದರೆ ನಮ್ಮ ಮಲೆನಾಡಿನ ಕುಟುಂಬಗಳಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಆಸ್ಪತ್ರೆಗೆಂದು ಮಂಗಳೂರಿಗೆ ಇಳಿಯಬೇಕು, ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬರಬೇಕು, ನೆಂಟರ ಮನೆಯ ಮದುವೆಗೆ ಮುಖ ತೋರಿಸಿ ಬರಬೇಕು. ಬೆಳಿಗ್ಗೆ ಹೊರಟವರು ರಾತ್ರಿಯೊಳಗೆ ಮನೆ ಸೇರುತ್ತಾರೆಂದು ಯಾರೂ ಖಚಿತವಾಗಿ ಹೇಳಲಾರರು. ಹೀಗಿದ್ದೂ ನಾವು ಹೊರಡುವಾಗ ಕೈಯಲ್ಲಿ ಏನು ಹಿಡಿದಿರುತ್ತೇವೆ? ಒಂದು ಮೊಬೈಲು, ಒಂದು ಕೊಡೆ. ಅಷ್ಟೇ.

2018ರಲ್ಲಿ ಶಿರಾಡಿ ಘಾಟಿ ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿತ್ತು. ಆ ಕಡೆಯ ವಾಹನಗಳೂ ಚಾರ್ಮಾಡಿಗೆ ತಿರುಗಿದ್ದವು. ಜೂನ್ ತಿಂಗಳಲ್ಲಿ ಚಾರ್ಮಾಡಿಯಲ್ಲೇ ಗುಡ್ಡ ಕುಸಿಯಿತು. ಮುಂದಕ್ಕೂ ಹೋಗಲಾಗದೆ, ಹಿಂದಕ್ಕೂ ತಿರುಗಿಸಲಾಗದೆ ವಾಹನಗಳು ಸಾಲಾಗಿ ರಾತ್ರಿಯಿಡೀ ನಿಂತವು. ಹಾಗೆ ನಿಂತ ಬಸ್ಸೊಂದರಲ್ಲಿ ನಾನೂ ಇದ್ದೆ. ನನ್ನ ಬಳಿ ಇದ್ದದ್ದು ಪ್ರಾರ್ಥನಾ ಪುಸ್ತಕ, ಜಪಸರ, ಚಾರ್ಜು ಮುಗಿದ ಫೋನು ಮತ್ತು ಅರ್ಧ ಬಾಟಲಿ ನೀರು. ನೀರು ಒಂಬತ್ತು ಗಂಟೆಗೆಲ್ಲ ಖಾಲಿಯಾಯಿತು.

ನನ್ನ ಮುಂದಿನ ಸೀಟಿನಲ್ಲಿ ಅರವತ್ತು ದಾಟಿದ ಒಬ್ಬ ತಾಯಿ. ಸಕ್ಕರೆ ಕಾಯಿಲೆಗೆ ವೈದ್ಯರನ್ನು ಕಂಡು ಮರಳುತ್ತಿದ್ದರು. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದರಾಯಿತು ಎಂದುಕೊಂಡು ಉಜಿರೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡಿದ್ದರು. ಕೊಟ್ಟಿಗೆಹಾರ ಬರಲೇ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ಆ ಚಳಿಯಲ್ಲೂ ಅವರಿಗೆ ಬೆವರು ಕಿತ್ತುಕೊಂಡಿತು, ಕೈ ನಡುಗಿತು, ಮಾತು ತೊದಲಿತು. ಪಾಪ, ಹೆದರಿದ್ದಾರೆ ಎಂದುಕೊಂಡು ನಾನು ಗಟ್ಟಿಯಾಗಿ ಜಪಸರ ಹೇಳಲಾರಂಭಿಸಿದೆ. ಆಗ ಹಿಂದಿನ ಸೀಟಿನಿಂದ ತೋಟದ ಕೆಲಸದ ಹೆಂಗಸೊಬ್ಬಳು ಎದ್ದು ಬಂದು, "ಫಾದರೇ, ಇದು ಹೆದರಿಕೆ ಅಲ್ಲ. ಶುಗರ್ ಇಳಿದಿದೆ. ನಮ್ಮ ಮನೆಯವರಿಗೂ ಹೀಗೇ ಆಗ್ತದೆ" ಎಂದಳು. ತನ್ನ ಚೀಲದಿಂದ ಬೆಲ್ಲದಚ್ಚು ತೆಗೆದಳು, ಸ್ಟೀಲ್ ಲೋಟದಲ್ಲಿ ನೀರಿಗೆ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ಗಂಟೆಯಲ್ಲಿ ಆ ತಾಯಿ ಕಣ್ಣರಳಿಸಿ, "ಯಾವ ಊರು ಬಂತು?" ಎಂದು ಕೇಳಿದರು. "ನಿನ್ನ ಚೀಲದಲ್ಲಿ ಇನ್ನೇನೇನಿದೆಯಮ್ಮ?" ಎಂದು ನಾನು ವಿಚಾರಿಸಿದೆ. ಅವಳು ನಕ್ಕು, "ಘಟ್ಟ ಹತ್ತುವವಳು, ಬರಿಗೈಲಿ ಬರ್ತೇನಾ ಫಾದರೇ?" ಎಂದಳು.

ಹನ್ನೊಂದು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರವೆಂದು ಓದಿದವನಿಗೆ ಆ ರಾತ್ರಿ ಆದ ನಾಚಿಕೆ ಇನ್ನೂ ಹೋಗಿಲ್ಲ. ಪ್ರಾರ್ಥನೆ ತಪ್ಪಾಗಿರಲಿಲ್ಲ. ಆದರೆ ಬೆಲ್ಲ ಕೊಡಬೇಕಾದ ಕಡೆ ನಾನು ಪ್ರಾರ್ಥನೆಯನ್ನು ಮಾತ್ರ ಕೊಟ್ಟಿದ್ದೆ.

ಈ ವಿಷಯವನ್ನು ಪ್ರಬೋಧನೆಯಲ್ಲಿ ಹೇಳಿದಾಗ ಒಬ್ಬರು ಪೂಜೆಯ ನಂತರ ಬಂದು ಕೇಳಿದರು: "ಸ್ವಾಮಿ, ದಾರಿಗೆ ಬುತ್ತಿ ಬೇಡ, ಜೋಳಿಗೆ ಬೇಡ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ?" ಒಳ್ಳೆಯ ಪ್ರಶ್ನೆ. ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಆ ಮಾತಿದೆ. ಆದರೆ ಅದು ಯಾರಿಗೆ, ಯಾವ ಪ್ರಯಾಣಕ್ಕೆ? ಶುಭಸಂದೇಶ ಸಾರಲು ಹಳ್ಳಿಹಳ್ಳಿಗೆ ಹೊರಟ ಪ್ರೇಷಿತರಿಗೆ. ಅವರನ್ನು ಬರಮಾಡಿಕೊಳ್ಳುವ ಮನೆಗಳು ಆ ದಾರಿಯಲ್ಲಿದ್ದವು. ಬರಿಗೈಯಲ್ಲಿ ಹೋಗುವುದೇ ಅವರ ಸಾರುವಿಕೆಯ ಒಂದು ಭಾಗವಾಗಿತ್ತು. ಅದೇ ಪ್ರಭು ತಮ್ಮ ಕಡೆಯ ರಾತ್ರಿಯಲ್ಲಿ ಹಳೆಯ ಮಾತನ್ನು ತಾವೇ ನೆನಪಿಸಿ, ಈಗ ಹಣದ ಚೀಲವುಳ್ಳವನು ಅದನ್ನು ತೆಗೆದುಕೊಳ್ಳಲಿ, ಜೋಳಿಗೆಯನ್ನೂ ತೆಗೆದುಕೊಳ್ಳಲಿ ಎನ್ನುತ್ತಾರೆ (ಲೂಕ 22:35-36). ಅಲ್ಲೇ ಬರುವ ಖಡ್ಗದ ಮಾತಿಗೆ ಬೇರೊಂದು ಪಾಠವೇ ಬೇಕು, ಇವತ್ತು ಅದನ್ನು ಎತ್ತುವುದಿಲ್ಲ. ಇಲ್ಲಿ ನೋಡಬೇಕಾದದ್ದು ಇಷ್ಟೇ: ಕಾಲ ಬದಲಾದಾಗ ದಾರಿಯ ಸಿದ್ಧತೆಯೂ ಬದಲಾಗಬೇಕೆಂದು ಪ್ರಭುವೇ ಕಲಿಸಿದ್ದಾರೆ.

ತೋಬಿತನ ಗ್ರಂಥವನ್ನು ಮನೆಯಲ್ಲಿ ಒಮ್ಮೆ ಕೂಡಿ ಓದಿರಿ. ಮಗ ತೋಬಿಯನನ್ನು ದೂರದೇಶಕ್ಕೆ ಕಳುಹಿಸುವ ಮುದುಕ ತಂದೆ ಸುಮ್ಮನೆ ಕೈಮುಗಿದು ಕೂರುವುದಿಲ್ಲ. ದಾರಿ ಬಲ್ಲ ಜೊತೆಗಾರನನ್ನು ಹುಡುಕಿಸುತ್ತಾನೆ, ಅವನ ಕುಲ ವಿಚಾರಿಸುತ್ತಾನೆ, ದಿನಗೂಲಿ ಗೊತ್ತುಮಾಡುತ್ತಾನೆ. ಆ ಜೊತೆಗಾರ ರಫಾಯೇಲ್ ದೇವದೂತನೆಂಬುದು ಆಮೇಲೆ ತಿಳಿಯುವ ಸಂಗತಿ. ಆ ದೇವದೂತನಾದರೂ ಏನು ಮಾಡಿದ? ನದಿಯಲ್ಲಿ ಹಿಡಿದ ಮೀನಿನ ಪಿತ್ತ, ಗುಂಡಿಗೆ, ಈಲಿಗಳನ್ನು ಔಷಧಕ್ಕೆಂದು ಜೋಪಾನ ಮಾಡಿಸಿದ. ತಿಂದು ಉಳಿದ ಮೀನಿಗೆ ಉಪ್ಪು ಬಿದ್ದು ಅದು ದಾರಿಯ ಬುತ್ತಿಯಾಯಿತು. ಅಂದರೆ ಔಷಧ ಮತ್ತು ಆಹಾರ! ಅತ್ತ ಮನೆಯಲ್ಲಿ ತಾಯಿ ಅನ್ನಳು ದಿನವೂ ದಾರಿ ನೋಡುತ್ತಾ ಕೂತಿದ್ದಳು. ನಾವು ಹೊರಡುವಾಗ ಮನೆಯಲ್ಲಿ ಹಾಗೆ ಕೂರುವವರು ಒಬ್ಬರಾದರೂ ಇರುತ್ತಾರಲ್ಲವೇ?

ಸಂತ ಥಾಮಸ್ ಅಕ್ವಿನಾಸರು ಮುಂದಾಲೋಚನೆಯನ್ನು ವಿವೇಕವೆಂಬ ಸದ್ಗುಣದ ಮುಖ್ಯ ಅಂಗವೆಂದು ಕರೆದಿದ್ದಾರೆ. ನಮ್ಮ ಕೈಲಾದದ್ದನ್ನು ಮಾಡದೆ ದೇವರ ಸಹಾಯವನ್ನು ಮಾತ್ರ ಕಾಯುತ್ತಾ ಅಪಾಯಕ್ಕೆ ಕಾಲಿಡುವುದು ದೇವರನ್ನು ಪರೀಕ್ಷಿಸಿದಂತೆ ಎಂಬುದೂ ಅವರ ಬೋಧನೆ. ದೇವಾಲಯದ ಶಿಖರದ ಮೇಲೆ ನಿಂತ ಪ್ರಭು ಸೈತಾನನಿಗೆ ಕೊಟ್ಟ ಉತ್ತರವೂ ಇದೇ.

ಇನ್ನು ಚೀಲದ ವಿಚಾರ. ಹೆಗಲಿಗೆ ಹಾಕುವ ಸಣ್ಣ ಚೀಲ ಸಾಕು. ಮಡಿಲಲ್ಲಿ ಇಟ್ಟುಕೊಳ್ಳುವಂತಿರಲಿ, ಬಸ್ಸಿನ ಡಿಕ್ಕಿಗೆ ಹೋದ ಚೀಲ ಇದ್ದೂ ಇಲ್ಲದಂತೆ. ಒಳಗಿನದೆಲ್ಲ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಮೊದಲನೆಯದು ಔಷಧ. ದಿನವೂ ಮಾತ್ರೆ ನುಂಗುವವರು ಬೇಕಾದ್ದಕ್ಕಿಂತ ಮೂರು ದಿನದಷ್ಟು ಹೆಚ್ಚು ಇಡಿ, ಜೊತೆಗೆ ವೈದ್ಯರ ಚೀಟಿಯ ಜೆರಾಕ್ಸ್. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಣ್ಣೆದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಿ. ಸಕ್ಕರೆ ಇಳಿದಾಗ ಮೂರು ಚಮಚ ಸಕ್ಕರೆಯನ್ನೋ ಅಷ್ಟೇ ಬೆಲ್ಲವನ್ನೋ ನೀರಿನಲ್ಲಿ ಕರಗಿಸಿ ಕೊಡಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಬಿಸ್ಕತ್ತು ಆಮೇಲೆ, ಅದು ನಿಧಾನ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಉಸಿರುಗಟ್ಟೀತು. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಓಆರ್‌ಎಸ್ ಪೊಟ್ಟಣ ಎರಡಿರಲಿ, ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು.

ಒಬ್ಬರಿಗೆ ಒಂದು ಲೀಟರ್ ನೀರು. ತಿನ್ನಲು ಅವಲಕ್ಕಿ, ಹುರಿಗಡಲೆ, ಕಡಲೆಚಿಕ್ಕಿ. ಇವು ಕೆಡುವುದಿಲ್ಲ, ಬೇಯಿಸುವುದೂ ಬೇಡ.

ಟಾರ್ಚು ಬೇಕು. ಫೋನಿನ ಬೆಳಕನ್ನು ನಂಬಿದರೆ ಬೆಳಕೂ ಹೋಗುತ್ತದೆ, ಫೋನೂ ಹೋಗುತ್ತದೆ. ಶೆಲ್ಲುಗಳನ್ನು ಹೊರತೆಗೆದು ಬೇರೆ ಇಡಿ. ಪವರ್ ಬ್ಯಾಂಕ್ ಇದ್ದವರು ಚಾರ್ಜ್ ಮಾಡಿಟ್ಟುಕೊಳ್ಳಿ, ಆದರೆ ಘಾಟಿಯ ಎಷ್ಟೋ ತಿರುವುಗಳಲ್ಲಿ ನೆಟ್‌ವರ್ಕೇ ಇಲ್ಲ ಎಂಬುದು ನಿಮಗೇ ಗೊತ್ತು. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲಿ ದುಡ್ಡು ಕಳಿಸುವ ಆಟವೂ ನಡೆಯದು. ಹತ್ತು, ಇಪ್ಪತ್ತು, ನೂರರ ನೋಟುಗಳಲ್ಲಿ ಐನೂರು ರೂಪಾಯಿ ಇಡಿ. ಇನ್ನೊಂದು ಮಾತು: ನಿಮ್ಮ ಹೆಂಡತಿಯ ಅಥವಾ ಮಗನ ನಂಬರು ನೋಡದೆ ಹೇಳಬಲ್ಲಿರಾ? ನಾನಂತೂ ನನ್ನ ಅಣ್ಣನ ನಂಬರು ಹೇಳಲಾರದೆ ಹೋದೆ. ನಾಲ್ಕು ನಂಬರುಗಳನ್ನು, ತುರ್ತಿನ 112ನ್ನೂ ಸೇರಿಸಿ, ಕಾಗದದಲ್ಲಿ ಬರೆದಿಡಿ.

ಒಂದು ರೇನ್‌ಕೋಟು, ಶಾಲು, ಒಣಬಟ್ಟೆ, ಒಂದು ಸೀಟಿ, ಇಂಬಳಕ್ಕೆ ಚಿಟಿಕೆ ಉಪ್ಪು. ಜಪಸರವೂ ಇರಲಿ, ಅದನ್ನು ತೆಗೆದುಹಾಕಿ ಎಂದು ನಾನು ಹೇಳಿಲ್ಲ.

ಎಲ್ಲವೂ ಒಂದು ಪಾಲು ಹೆಚ್ಚಿರಲಿ. ವಿವೇಕಿಗಳಾದ ಕನ್ನೆಯರು ತಮ್ಮ ಎಣ್ಣೆಯನ್ನು ಹಂಚಲಾಗಲಿಲ್ಲ, ಆ ಸಾಮತಿಯ ಅರ್ಥ ಬೇರೆ. ಬೆಲ್ಲವನ್ನು ಹಂಚಬಹುದು.

ಚೀಲವಿದೆಯೆಂದು ಧೈರ್ಯ ಮಾಡಿ ಹೊರಡಬೇಡಿ. ಜಿಲ್ಲಾಡಳಿತ ರಸ್ತೆ ಮುಚ್ಚಿದ್ದರೆ ಮನೆಯಲ್ಲೇ ಇರಿ. ಮದುವೆಯ ಊಟ ತಪ್ಪಿದರೆ ತಪ್ಪಲಿ. ದಾರಿಯಲ್ಲಿ ಸಿಕ್ಕಿಕೊಂಡರೆ ಕತ್ತಲಲ್ಲಿ ಕುಸಿದ ಮಣ್ಣನ್ನು ದಾಟಲು ಹೋಗಬೇಡಿ. ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾಕ್ಕೆ ಇಳಿಯಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಜಾರಿದಾಗ ಮಣ್ಣಿನಡಿ ಸಿಕ್ಕವರಲ್ಲಿ ರಸ್ತೆಬದಿಯ ಚಹಾದಂಗಡಿಯವರೂ ಇದ್ದರು.

ಕೊನೆಗೆ ಒಂದು ಸಣ್ಣ ಚೀಟಿ. ಅದರಲ್ಲಿ ಹೆಸರು, ರಕ್ತದ ಗುಂಪು, ಇರುವ ಕಾಯಿಲೆ, ಮನೆಯವರ ನಂಬರು. ಕೆಳಗೆ, "ನಾನು ಕಥೋಲಿಕ, ಅಪಾಯವಾದರೆ ದಯವಿಟ್ಟು ಗುರುಗಳನ್ನು ಕರೆಯಿರಿ" ಎಂಬ ಒಂದು ಸಾಲು. ಹಿಂದೆ ನಮ್ಮ ಹಿರಿಯರು ಇಂಥ ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು.

ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ. ತಿಂಗಳ ಮೊದಲ ಶುಕ್ರವಾರದ ಪೂಜೆಗೆ ಹೊರಡುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಮಾತ್ರೆಯ ತಾರೀಖು ಮುಗಿದಿರಬಹುದು, ಚಿಕ್ಕಿಯನ್ನು ಮಕ್ಕಳು ಖಾಲಿ ಮಾಡಿರಬಹುದು.